ಸುಳ್ಳು ಮಕ್ಕಳ ದಾಖಲಾತಿ ಪುಸ್ತಕ

ಶಾಲೆಯಲ್ಲಿ ಇಲ್ಲದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುವುದು ನಮ್ಮ ವೃತ್ತಿಯಲ್ಲಿ ದೊಡ್ಡ ಅಪರಾಧ. ಆದರೆ ಕಳೆದ ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಮಂದಿ ಅಧ್ಯಾಪಕರು ಕುಳಿತು ಇಂತಹ ನೂರಕ್ಕೆ ಹತ್ತಿರ ಮಕ್ಕಳನ್ನು ಹುಟ್ಟಿಸಿದೆವು! ಯಾರೂ ಗಾಬರಿಯಾಗಬೇಡಿ. ಈ ಮಕ್ಕಳ ಲೆಕ್ಕದಲ್ಲಿ ಅಕ್ಕಿ ಬರುವುದಿಲ್ಲ, ಸಮವಸ್ತ್ರ ಬರುವುದಿಲ್ಲ, ಯಾರಿಗೂ ಹುದ್ದೆ ಸಿಗುವುದಿಲ್ಲ. ಇವರು ಇರುವುದು ಒಂದು ಲ್ಯಾಪ್‌ಟಾಪಿನೊಳಗೆ ಮಾತ್ರ. ಸಾಫ್ಟ್‌ವೇರ್ ಮಂದಿ ಇದನ್ನು ‘ಟೆಸ್ಟ್ ಡೇಟಾ’ ಎನ್ನುತ್ತಾರೆ.

ವಿಷಯ ಇಷ್ಟೆ. ನಮ್ಮಲ್ಲಿ ಏಳನೇ ತರಗತಿಯವರೆಗೆ ಕನ್ನಡದಲ್ಲೇ ಕಲಿತ ಹುಡುಗಿಯೊಬ್ಬಳು ಈಗ ಮಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಾಳೆ. ಶಾಲೆಯ ದಾಖಲಾತಿ, ಟಿ.ಸಿ., ಡಿವಿಷನ್, ಮಕ್ಕಳ ಎಣಿಕೆ ಇವನ್ನೆಲ್ಲ ನೋಡಿಕೊಳ್ಳುವ ಒಂದು ಪ್ರೋಗ್ರಾಂ ತಯಾರಿಸುತ್ತಿದ್ದಾಳೆ. ಅದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಮಕ್ಕಳು ಬೇಕು. “ಮಾಷ್ಟ್ರೇ, ನನಗೆ ಸುಳ್ಳು ಮಕ್ಕಳು ಬೇಕು. ಆದರೆ ನಿಜವಾದ ಸುಳ್ಳು ಮಕ್ಕಳು ಬೇಕು” ಎಂದಳು. ಅವಳ ಮಾತಿನ ಅರ್ಥ ನಮಗೆ ಆಗಲು ಎರಡು ದಿನ ಬೇಕಾಯಿತು.

ಅವಳ ಬಳಿ ಮೊದಲೇ ಐನೂರು ಮಕ್ಕಳ ಪಟ್ಟಿ ಇತ್ತು. ಹೆಸರು, ವಿಳಾಸ, ತಾರೀಕುಗಳನ್ನು ಮನಸ್ಸಿಗೆ ಬಂದಂತೆ ಹೆಣೆದುಕೊಡುವ ಸಿದ್ಧ ಸಲಕರಣೆಗಳಿವೆಯಂತೆ. ಗುಂಡಿ ಒತ್ತಿದರೆ ಐನೂರು, ಮತ್ತೆ ಒತ್ತಿದರೆ ಐದು ಸಾವಿರ! ಪಟ್ಟಿ ನೋಡಿ ನಮಗೆ ನಗು ತಡೆಯಲಾಗಲಿಲ್ಲ. ಒಂದನೇ ತರಗತಿಯಲ್ಲಿ 1987ರಲ್ಲಿ ಹುಟ್ಟಿದ ಮಗು. ತಾಯಿಗಿಂತ ಎರಡು ವರ್ಷ ದೊಡ್ಡವನಾದ ಮಗ. ಶಾಲೆಗೆ ಸೇರುವ ಮೊದಲೇ ಟಿ.ಸಿ. ತೆಗೆದುಕೊಂಡು ಹೋದ ಹುಡುಗಿ. ಒಂದೊಂದು ಕಾಲಂ ಬೇರೆ ಬೇರೆಯಾಗಿ ನೋಡಿದರೆ ಎಲ್ಲವೂ ಸರಿ, ಒಟ್ಟಿಗೆ ನೋಡಿದರೆ ಯಾವುದೂ ಮಗುವಲ್ಲ.

ಇಲ್ಲಿಯೇ ಇರುವುದು ತೊಡಕು. ಶಾಲೆಯ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ. ಒಂದು ಮಗುವನ್ನು ಸೇರಿಸಬೇಕಾದರೆ ಮೊದಲು ಶಾಲೆ ಇರಬೇಕು, ಶೈಕ್ಷಣಿಕ ವರ್ಷ ಇರಬೇಕು, ತರಗತಿ, ಡಿವಿಷನ್, ಮಾಧ್ಯಮ ಇರಬೇಕು, ಪಾಲಕರಿರಬೇಕು. ಬೇರೆ ಶಾಲೆಯಿಂದ ಬಂದಿದ್ದರೆ ಆ ಶಾಲೆಯ ಟಿ.ಸಿ. ಇರಬೇಕು, ಅದರ ತಾರೀಕು ಇಲ್ಲಿ ಸೇರಿದ ತಾರೀಕಿಗಿಂತ ಹಿಂದಿನದಾಗಿರಬೇಕು. ಒಂದನ್ನು ಎಳೆದರೆ ಹತ್ತು ಅಲುಗುತ್ತವೆ. ಹೀಗೆ ಒಂದಕ್ಕೊಂದು ಹೆಣೆದುಕೊಂಡ ಸಂಗತಿಗಳನ್ನೂ ಅವುಗಳ ನಿಯಮಗಳನ್ನೂ ಪ್ರೋಗ್ರಾಂ ಒಳಗೆ ಬರೆದಿಟ್ಟುಕೊಂಡ ನಕ್ಷೆಗೆ ‘ಡೊಮೈನ್ ಮಾಡೆಲ್’ ಎಂದು ಹೆಸರು. 2003ರಲ್ಲಿ ಎರಿಕ್ ಇವಾನ್ಸ್ ಎಂಬವರು ‘ಡೊಮೈನ್ ಡ್ರಿವನ್ ಡಿಸೈನ್’ ಎಂಬ ಪುಸ್ತಕ ಬರೆದರು. ಕೆಲಸ ಬಲ್ಲವರೂ ಪ್ರೋಗ್ರಾಂ ಬರೆಯುವವರೂ ಒಂದೇ ಮಾತು, ಒಂದೇ ಪದ ಬಳಸಬೇಕು ಎನ್ನುವುದು ಅದರ ಮುಖ್ಯ ವಿಚಾರಗಳಲ್ಲೊಂದು. ಅವಳು ಅಧ್ಯಾಪಕರನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ.

“ಹಾಗಾದರೆ ನಮ್ಮ ದಾಖಲಾತಿ ಪುಸ್ತಕವನ್ನೇ ನಕಲು ಮಾಡಿ ಕೊಡಬಹುದಲ್ಲ?” ಎಂದು ನಮ್ಮಲ್ಲೊಬ್ಬರು ಕೇಳಿದರು. ಸುಲಭದ ದಾರಿ ಅದೇ. ಆದರೆ ನಾವು ಒಪ್ಪಲಿಲ್ಲ, ಅವಳೂ ಒಪ್ಪಲಿಲ್ಲ. ಆ ಪುಸ್ತಕದಲ್ಲಿ ಏನೆಲ್ಲ ಇದೆ ಎಂದು ಅಧ್ಯಾಪಕರಾದ ನಿಮಗೆ ಹೇಳಬೇಕಾಗಿಲ್ಲ. ಜಾತಿ, ಆದಾಯ, ತಂದೆ ಇದ್ದಾರೋ ಇಲ್ಲವೋ, ಮಗುವಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಲ್ಲ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಕಾಯ್ದೆ ಇಲ್ಲದಿದ್ದರೂ ಇದು ನಂಬಿಕೆಯ ಮಾತು. ತಾಯಂದಿರು ಆ ವಿವರಗಳನ್ನು ಕೊಟ್ಟದ್ದು ನಮಗೆ, ಲ್ಯಾಪ್‌ಟಾಪಿಗಲ್ಲ.

ಹೆಸರು ಅಳಿಸಿ ಕೊಟ್ಟರೆ ಸಾಕಲ್ಲವೇ? ಪೇಟೆಯ ಎರಡು ಸಾವಿರ ಮಕ್ಕಳ ಶಾಲೆಯಲ್ಲಾದರೆ ಸ್ವಲ್ಪ ಮಟ್ಟಿಗೆ ಸಾಕೋ ಏನೋ. ನಮ್ಮಂತಹ ಸಣ್ಣ ಶಾಲೆಯಲ್ಲಿ “ಮೂರನೇ ತರಗತಿ, ಕನ್ನಡ ಮಾಧ್ಯಮ, ಮನೆಮಾತು ಮರಾಠಿ, ಅಜ್ಜಿಯೇ ಪಾಲಕಿ” ಎಂದರೆ ಹೆಸರೇ ಬೇಡ, ಊರಿಗೆಲ್ಲ ಗೊತ್ತಾಗುತ್ತದೆ ಯಾವ ಮಗು ಎಂದು. ಕಡಿಮೆ ಮಂದಿ ಇರುವಲ್ಲಿ ಪ್ರತಿಯೊಬ್ಬರೂ ಎದ್ದು ಕಾಣುತ್ತಾರೆ.

ಇನ್ನೊಂದು ಅಪಾಯವನ್ನು ಅವಳೇ ಹೇಳಿದಳು. ಪರೀಕ್ಷೆಗೆಂದು ನಿಜವಾದ ಫೋನ್ ನಂಬರ್ ಹಾಕಿದ್ದರೆ, ಯಾರೋ ಅರಿಯದೆ ಒಂದು ಗುಂಡಿ ಒತ್ತಿದಾಗ ನೂರು ತಾಯಂದಿರಿಗೆ “ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ” ಎಂಬ ಸಂದೇಶ ಹೋಗಬಹುದು. ಕಲ್ಪಿಸಿಕೊಳ್ಳಿ! ಆಧಾರ್ ಸಂಖ್ಯೆಯಲ್ಲೂ ಹೀಗೇ. ಅದರಲ್ಲಿ 12 ಅಂಕಿಗಳು. ಮೊದಲ ಅಂಕಿ 0 ಅಥವಾ 1 ಆಗಿರುವುದಿಲ್ಲ. ಕೊನೆಯ ಅಂಕಿ ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಡಚ್ ಗಣಿತಜ್ಞ ವೆರ್ಹೂಫ್ ಕಂಡುಹಿಡಿದ ವಿಧಾನ ಅದು. ಒಂದು ಅಂಕಿ ತಪ್ಪಿ ಬರೆದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಹಿಡಿದು ಕೊಡುತ್ತದೆ. ತಾಳೆಯಾಗುವ ಸಂಖ್ಯೆಯನ್ನು ನಾವೇ ಹೆಣೆದರೆ ಅದು ಯಾರದೋ ನಿಜವಾದ ಸಂಖ್ಯೆಯಾಗಿಬಿಡಬಹುದು. ಆದ್ದರಿಂದ ನಮ್ಮ ಸುಳ್ಳು ಮಕ್ಕಳ ಸಂಖ್ಯೆಗಳೆಲ್ಲ 0ಯಿಂದ ಆರಂಭ. ಪರೀಕ್ಷೆಯ ಯಂತ್ರಕ್ಕೆ ಮಾತ್ರ ಅದನ್ನು ಒಪ್ಪಿಕೊಳ್ಳುವ ಏರ್ಪಾಡು ಅವಳು ಮಾಡಿದಳು. ನಿಜವಾದ ಶಾಲೆಗೆ ಹೋಗುವ ಪ್ರೋಗ್ರಾಂ ಅದನ್ನು ಒಪ್ಪಬಾರದು. ಒಪ್ಪುವುದಿಲ್ಲ ಎಂಬುದೂ ಒಂದು ಪರೀಕ್ಷೆಯೇ.

ಸರಿ, ಮಕ್ಕಳನ್ನು ಹುಟ್ಟಿಸುವುದು ಹೇಗೆ? ಮೊದಲಿಗೆ ಒಂದು ‘ಮಾದರಿ ಮಗು’ ಮಾಡಿದೆವು. ಯಾವ ತಂಟೆಯೂ ಇಲ್ಲದ ಮಗು. ಸರಿಯಾದ ವಯಸ್ಸು, ತಂದೆ ತಾಯಿ ಇಬ್ಬರೂ ಇದ್ದಾರೆ, ಮನೆಮಾತು ಕನ್ನಡ, ಮಾಧ್ಯಮ ಕನ್ನಡ, ಇದೇ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ್ದು. ಆಮೇಲೆ ಪ್ರತಿ ಸಲವೂ “ಮಾದರಿ ಮಗುವಿನಂತೆಯೇ, ಆದರೆ ತಾಯಿ ಮಾತ್ರ ಪಾಲಕಿ” ಅಥವಾ “ಮಾದರಿ ಮಗುವಿನಂತೆಯೇ, ಆದರೆ ಕರ್ನಾಟಕದಿಂದ ವರ್ಷದ ನಡುವೆ ಬಂದದ್ದು” ಎಂದು ಒಂದೇ ಒಂದು ವ್ಯತ್ಯಾಸ ಹೇಳಿದರೆ ಸಾಕು, ಉಳಿದದ್ದನ್ನು ಪ್ರೋಗ್ರಾಂ ತುಂಬಿಕೊಳ್ಳುತ್ತದೆ. ಈ ಉಪಾಯಕ್ಕೆ ‘ಟೆಸ್ಟ್ ಡೇಟಾ ಬಿಲ್ಡರ್’ ಎನ್ನುತ್ತಾರೆ. ಇದರ ಲಾಭ ಏನೆಂದರೆ, ಎಲ್ಲಿ ಎಡವಿತು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ವ್ಯತ್ಯಾಸ ಒಂದೇ ತಾನೇ!

ಆಮೇಲೆ ಅವಳು ಹೇಳಿದ ಒಂದು ಮಾತು ನಮಗೆ ಬಹಳ ಹಿಡಿಸಿತು. ಪ್ರೋಗ್ರಾಂಗಳು ನಡುವಿನಲ್ಲಿ ತಪ್ಪುವುದು ಕಡಿಮೆ, ಗಡಿಯಲ್ಲಿ ತಪ್ಪುವುದು ಹೆಚ್ಚು. ಆದ್ದರಿಂದ ಪರೀಕ್ಷೆಗೆ ಗಡಿಯ ಬೆಲೆಗಳನ್ನೇ ಆರಿಸಬೇಕಂತೆ. ಗಡಿಯ ಮೇಲಿನದು ಒಂದು, ಆಚೆ ಒಂದು, ಈಚೆ ಒಂದು. “ಮಗಳೇ, ಗಡಿಯ ವಿಷಯ ನಮಗೆ ಕಲಿಸಬೇಕಾಗಿಲ್ಲ” ಎಂದೆವು. 1956ರ ನವೆಂಬರ್ 1ರಿಂದ ಕಾಸರಗೋಡಿನವರಾದ ನಾವು ಬದುಕುತ್ತಿರುವುದು ಅಲ್ಲಿಯೇ ಅಲ್ಲವೇ?

ಗಡಿಗಳನ್ನು ಪಟ್ಟಿ ಮಾಡಿದೆವು. ಶಾಲೆಗೆ ಸೇರಲು ಜೂನ್ 1ಕ್ಕೆ ಇಂತಿಷ್ಟು ವರ್ಷ ತುಂಬಿರಬೇಕು ಎಂಬ ನಿಯಮಕ್ಕೆ ಮೂರು ಮಕ್ಕಳು: ಮೇ 31ರಂದು ಹುಟ್ಟಿದವಳು, ಜೂನ್ 1ರಂದು ಹುಟ್ಟಿದವನು, ಜೂನ್ 2ರಂದು ಹುಟ್ಟಿದವಳು. ಎಷ್ಟು ವರ್ಷ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗುವ ಸಂಗತಿಯಾದ್ದರಿಂದ ಅದನ್ನು ಪ್ರೋಗ್ರಾಂ ಒಳಗೆ ಗಟ್ಟಿಯಾಗಿ ಬರೆದಿಡಬಾರದು ಎಂದೂ ಹೇಳಿದೆವು. (ನಮ್ಮ ಹಿರಿಯರಲ್ಲಿ ಮೇ ತಿಂಗಳಲ್ಲಿ ಹುಟ್ಟಿದವರೇ ಏಕೆ ಅಷ್ಟು ಮಂದಿ ಎಂದು ಯೋಚಿಸಿದ್ದೀರಾ? ಆ ಕಾಲದ ಮಾಷ್ಟ್ರುಗಳೂ ಸ್ವಲ್ಪ ಡೇಟಾ ತಯಾರಿಸಿದ್ದಾರೆ!) 2020ರ ಫೆಬ್ರವರಿ 29ರಂದು ಹುಟ್ಟಿದ ಒಬ್ಬ ಹುಡುಗ. ಒಂದೇ ದಿನ ಹುಟ್ಟಿ, ಒಂದೇ ತಂದೆತಾಯಿ, ಒಂದೇ ವಿಳಾಸ, ಒಂದೇ ಡಿವಿಷನ್ ಇರುವ ಅವಳಿಗಳು. ಇವರಲ್ಲೊಬ್ಬರನ್ನು “ಎರಡು ಸಲ ಬರೆಯಲಾಗಿದೆ” ಎಂದು ಪ್ರೋಗ್ರಾಂ ಅಳಿಸಿಬಿಡಬಾರದು.

ಆಮೇಲೆ ಸಂಖ್ಯೆಯ ಗಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದ ಪ್ರಕಾರ ಒಂದರಿಂದ ಐದನೇ ತರಗತಿಗಳಿಗೆ 60 ಮಕ್ಕಳವರೆಗೆ ಇಬ್ಬರು ಅಧ್ಯಾಪಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಹಾಗಾಗಿ 60 ಮಕ್ಕಳ ಒಂದು ಶಾಲೆ, 61 ಮಕ್ಕಳ ಒಂದು ಶಾಲೆ, 90ರ ಒಂದು, 91ರ ಒಂದು. ಕೇರಳದಲ್ಲಿ ಐದನೇ ತರಗತಿ ಯು.ಪಿ. ವಿಭಾಗಕ್ಕೆ ಸೇರಿದ್ದು, ಕಾಯ್ದೆಯ ಅನುಬಂಧ ಅದನ್ನು ಒಂದರಿಂದ ಐದರ ಗುಂಪಿನಲ್ಲಿ ಇಡುತ್ತದೆ. ಇದೂ ಒಂದು ಗಡಿಯೇ. ಶಾಲೆ ತೆರೆದ ಆರನೇ ಕೆಲಸದ ದಿನ ನಮ್ಮಲ್ಲಿ ಮಕ್ಕಳ ಎಣಿಕೆ ನಡೆಯುತ್ತದೆ, ಹುದ್ದೆಗಳು ಅದರ ಮೇಲೆ ನಿಂತಿವೆ. ಆದ್ದರಿಂದ ಐದನೇ ದಿನ ಸೇರಿದ ಮಗು, ಆರನೇ ದಿನ ಸೇರಿದ ಮಗು, ಏಳನೇ ದಿನ ಸೇರಿದ ಮಗು ಮೂವರೂ ಬೇಕಾದರು.

ಇನ್ನು ನಮ್ಮ ನಾಡಿನದೇ ಗಡಿಗಳು. ಹೆಸರಿನಿಂದಲೇ ಆರಂಭ. ‘ಸುಬ್ರಹ್ಮಣ್ಯ’ ಎಂದು ಬರೆದರೆ ಓದುವವರಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಅದು 11 ಸಂಕೇತಗಳು, ಯುಟಿಎಫ್-8 ಎಂಬ ರೀತಿಯಲ್ಲಿ ಕೂಡಿಟ್ಟರೆ 33 ಬೈಟುಗಳು. ಇಂಗ್ಲಿಷಿನಲ್ಲಾದರೆ 11 ಬೈಟು. ಹೆಸರಿಗೆ 30 ಬೈಟು ಸಾಕೆಂದು ಯಾರಾದರೂ ಜಾಗ ಕೊಟ್ಟರೆ ನಮ್ಮ ಸುಬ್ರಹ್ಮಣ್ಯನ ಬಾಲ ಕತ್ತರಿಸಿಹೋಗುತ್ತದೆ. ‘ಆರ್ಯ’ ಎಂಬ ಹೆಸರನ್ನು ಕೆಲವರು ಅರ್ಕಾವತ್ತು ಹಾಕಿ ಬರೆಯುತ್ತಾರೆ, ಕೆಲವರು ರಕಾರಕ್ಕೆ ಯ ಒತ್ತು ಕೊಟ್ಟು ಬರೆಯುತ್ತಾರೆ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಿಸುವ ಸಂಕೇತ ಇರುತ್ತದೆ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ! ಮಲಯಾಳದ ಚಿಲ್ಲಕ್ಷರಗಳದ್ದೂ ಇದೇ ಕಥೆ. 2008ರಲ್ಲಿ ಯೂನಿಕೋಡ್ 5.1ರಲ್ಲಿ ಅವುಗಳಿಗೆ ಸ್ವಂತ ಸ್ಥಾನ ಸಿಕ್ಕಿತು. ಅದಕ್ಕೂ ಮೊದಲಿನ ಕಡತಗಳಲ್ಲಿ ಅವು ಬೇರೆ ರೀತಿಯಲ್ಲಿ ಕುಳಿತಿವೆ. ಒಂದೇ ಹೆಸರು, ನೋಡಲು ಒಂದೇ, ಯಂತ್ರಕ್ಕೆ ಎರಡು. ನಮ್ಮ ಮಕ್ಕಳ ಹೆಸರು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಇರಬೇಕಾಗುವುದರಿಂದ ಈ ಎಲ್ಲ ತೊಂದರೆಗಳೂ ಒಟ್ಟಿಗೆ ನಮ್ಮ ಪಾಲಿಗೆ.

ಹೆಸರಿನ ಮುಂದೆ ಮನೆತನದ ಅಕ್ಷರ ಇಡುವವರು, ಹಿಂದೆ ಇಡುವವರು, ಏನೂ ಇಡದವರು. ಅಳಿಯಕಟ್ಟಿನ ಕುಟುಂಬದಲ್ಲಿ ತಾಯಿಯ ಕಡೆಯ ಮನೆಹೆಸರು ಹೊತ್ತ ಮಗು. ಒಂದೇ ಊರು, ಒಂದು ಕಾಗದದಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಕರ್ನಾಟಕದ ಶಾಲೆಯ ಟಿ.ಸಿ. ತಂದ ಮಗು. ಮನೆಯಲ್ಲಿ ತುಳು, ಅಂಗಳದಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಮಾತಾಡುವ ಮಗು. ಇವರು ನಮಗೆ ವಿಶೇಷ ಮಕ್ಕಳೇ ಅಲ್ಲ. ಬೆಳಗಿನ ಪ್ರಾರ್ಥನೆಗೆ ಸಾಲಿನಲ್ಲಿ ನಿಲ್ಲುವವರೇ ಇವರು. ಆದರೆ ರಾಜಧಾನಿಯಲ್ಲಿ ಕುಳಿತು ಕಲ್ಪಿಸಿದವರ ಪಟ್ಟಿಯಲ್ಲಿ ಇವರು ಬರುವುದಿಲ್ಲ. ಹಿಂದೊಮ್ಮೆ ಒಂದು ಕಚೇರಿಯ ನಮೂನೆಯಲ್ಲಿ ಮನೆಮಾತಿನ ಜಾಗದಲ್ಲಿ ತುಳು ಇರಲಿಲ್ಲ. ‘ಇತರೆ’ ಕೂಡ ಇರಲಿಲ್ಲ. ತುಂಬಿಸದಿದ್ದರೆ ಮುಂದೆ ಹೋಗುವುದಿಲ್ಲ. ಆ ವರ್ಷ ನಮ್ಮ ಕೆಲವು ಮಕ್ಕಳು ಕಾಗದದ ಮೇಲೆ ಬೇರೆ ಮಾತಿನವರಾದರು. ಅಮ್ಮಂದಿರು ಕೇಳಿದಾಗ ಉತ್ತರ ಹೇಳುವುದು ನಮಗೆ ಕಷ್ಟವಾಯಿತು.

ಎಲ್ಲ ಬಗೆಯ ಮಕ್ಕಳನ್ನೂ ಸೇರಿಸಲು ಹೊರಟರೆ ಎಷ್ಟಾಗುತ್ತದೆ? ಮಕ್ಕಳಿಗೆ ಕೊಡುವ ಲೆಕ್ಕದಂತೆ ಮಾಡಿ ನೋಡಿದೆವು. ತರಗತಿ 10, ಮನೆಮಾತು 7 (ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು), ಪ್ರಥಮ ಭಾಷೆ 5, ಮಾಧ್ಯಮ 3, ಪಾಲಕರ ಬಗೆ 4. ಗುಣಿಸಿದರೆ 4200! ಅಷ್ಟು ಮಕ್ಕಳನ್ನು ಬರೆಯಲು ನಿವೃತ್ತಿಯವರೆಗೂ ರಜೆ ಸಾಲದು. ಇದಕ್ಕೊಂದು ದಾರಿ ಇದೆ. ಹಲವು ತಪ್ಪುಗಳು ಎರಡು ಸಂಗತಿಗಳು ಕೂಡಿದಲ್ಲಿ ಸಿಕ್ಕಿಬೀಳುತ್ತವೆ. ಹಾಗಾಗಿ ಯಾವ ಎರಡು ಅಂಶಗಳ ಜೋಡಿಯನ್ನು ತೆಗೆದುಕೊಂಡರೂ ಅದು ಒಬ್ಬ ಮಗುವಿನಲ್ಲಾದರೂ ಇರುವಂತೆ ಪಟ್ಟಿ ಮಾಡಿದರೆ ಸಾಕು. ಅತಿ ದೊಡ್ಡ ಎರಡು ಸಂಖ್ಯೆಗಳನ್ನು ಗುಣಿಸಿದಷ್ಟು, ಎಂದರೆ 10 × 7 = 70 ಮಕ್ಕಳಾದರೂ ಬೇಕು. 4200 ಎಲ್ಲಿ, 70ರ ಆಸುಪಾಸು ಎಲ್ಲಿ! ಯಾವ ಮಗುವಿಗೆ ಯಾವ ಜೋಡಿ ಎಂಬುದನ್ನು ಯಂತ್ರವೇ ಹಂಚಿಕೊಡುತ್ತದೆ. ನಮ್ಮ ಕೆಲಸ, ಆಗಲಾರದ ಜೋಡಿಗಳನ್ನು ಹೊಡೆದುಹಾಕುವುದು. ಅವನ್ನೂ ಎಸೆಯಲಿಲ್ಲ, ಬೇರೆ ಪಟ್ಟಿ ಮಾಡಿ ಇಟ್ಟೆವು. ಪ್ರೋಗ್ರಾಂ ಅವರನ್ನು ಬಾಗಿಲಲ್ಲೇ ತಡೆಯಬೇಕು.

ಗಡಿಯ ಮಕ್ಕಳೂ ಸೇರಿ ನೂರರ ಹತ್ತಿರ ಆಯಿತು. ಪ್ರತಿ ಮಗುವಿನ ಎದುರು ಅದು ಏಕೆ ಹುಟ್ಟಿತು ಎಂದು ಒಂದು ಸಾಲು ಬರೆದೆವು. ಇದು ಬಹಳ ಮುಖ್ಯ. ಕಾರಣ ಬರೆಯದಿದ್ದರೆ ಆರು ತಿಂಗಳಲ್ಲಿ ಯಾರಾದರೂ “ಇದು ಯಾಕೆ?” ಎಂದು ಅಳಿಸಿಬಿಡುತ್ತಾರೆ. ಯಂತ್ರ ತಾನಾಗಿ ಹೆಣೆಯುವ ಮಕ್ಕಳಿಗೆ ‘ಸೀಡ್’ ಎಂಬ ಒಂದು ಆರಂಭದ ಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆ ಕೊಟ್ಟರೆ ನಾಳೆಯೂ ಅವೇ ಮಕ್ಕಳು ಬರುತ್ತಾರೆ. ಇಲ್ಲವಾದರೆ ಇಂದು ಕಂಡ ತಪ್ಪು ನಾಳೆ ಕೈಗೆ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿ 61 ಮಕ್ಕಳ ಕನ್ನಡ ಮಾಧ್ಯಮದ ಶಾಲೆಯನ್ನು ಪ್ರೋಗ್ರಾಂಗೆ ಕೊಟ್ಟೆವು. ಕನ್ನಡ ಮಾಧ್ಯಮದ ಎಣಿಕೆ ತೆಗೆದರೆ 58 ಬಂತು. ಎಲ್ಲಿ ಹೋದರು ಮೂವರು? ಹುಡುಕಿದಾಗ ಸಿಕ್ಕಿತು. ಐದನೇ ತರಗತಿಯಲ್ಲಿ ಒಬ್ಬಳಿಗೆ ಪ್ರಥಮ ಭಾಷೆ ಅರಬಿ, ಒಬ್ಬನಿಗೆ ಸಂಸ್ಕೃತ, ಇನ್ನೊಬ್ಬಳಿಗೆ ಉರ್ದು. ಮೂವರೂ ವಿಜ್ಞಾನ, ಗಣಿತ, ಸಮಾಜ ಕಲಿಯುವುದು ಕನ್ನಡದಲ್ಲೇ. ಆದರೆ ಪ್ರೋಗ್ರಾಂ ಕನ್ನಡ ಮಾಧ್ಯಮ ಎಂದರೆ ಪ್ರಥಮ ಭಾಷೆ ಕನ್ನಡ ಎಂದು ತಿಳಿದುಕೊಂಡಿತ್ತು. ಬರೆದ ಹುಡುಗಿ ಸ್ವತಃ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಆದರೆ ಅವಳ ಪ್ರಥಮ ಭಾಷೆಯೂ ಕನ್ನಡವೇ ಆಗಿತ್ತು, ಹಾಗಾಗಿ ಎರಡೂ ಒಂದೇ ಎಂದು ತೋರಿತ್ತು. ಐನೂರು ಸಿದ್ಧ ಮಕ್ಕಳಲ್ಲಿ ಈ ತಪ್ಪು ಕಾಣಿಸಿರಲಿಲ್ಲ. ಏಕೆಂದರೆ ಅವರಲ್ಲಿ ಇಂತಹ ಮಗುವೇ ಇರಲಿಲ್ಲ.

61ಕ್ಕೆ ಮೂವರು ಅಧ್ಯಾಪಕರು, 58ಕ್ಕೆ ಇಬ್ಬರು. ಕಾಗದದಲ್ಲಿ ಇದು ಮೂರು ಹೆಸರುಗಳ ವ್ಯತ್ಯಾಸ. ಶಾಲೆಯಲ್ಲಿ ಒಂದು ಹುದ್ದೆ ಹೋದರೆ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಬೇಕು. ಒಟ್ಟಿಗೆ ಕೂರಿಸಿದರೆ ಮರುವರ್ಷ ನಾಲ್ಕು ಮನೆಯವರು “ಅಲ್ಲಿ ಪಾಠವೇ ಆಗುವುದಿಲ್ಲವಂತೆ” ಎಂದು ಮಕ್ಕಳನ್ನು ಬೇರೆ ಕಡೆಗೆ ಸೇರಿಸುತ್ತಾರೆ. ಆಮೇಲೆ ಎಣಿಕೆ ನಿಜವಾಗಿಯೂ 58 ಆಗುತ್ತದೆ. ಗಡಿನಾಡಿನ ಕನ್ನಡ ಶಾಲೆಗಳು ಹೇಗೆ ಬಡವಾಗುತ್ತವೆ ಎಂದು ಭಾಷಣಗಳಲ್ಲಿ ಕೇಳಿದ್ದೇವೆ. ಒಂದು ಕಾಲಂನ ತಪ್ಪು ತಿಳುವಳಿಕೆಯಿಂದಲೂ ಹಾಗಾಗಬಹುದು ಎಂದು ಆ ದಿನ ಕಣ್ಣಾರೆ ಕಂಡೆವು. ಅವಳು ಅರ್ಧ ಗಂಟೆಯಲ್ಲಿ ಸರಿಪಡಿಸಿದಳು. ಸುಳ್ಳು ಮಕ್ಕಳಿಗೆ ಆದ ಅನ್ಯಾಯವಾದ್ದರಿಂದ ಯಾರೂ ಅಳಬೇಕಾಗಿ ಬರಲಿಲ್ಲ.

ಓದುಗ ಮಿತ್ರರೇ, ನಿಮ್ಮಲ್ಲಿಯೂ ಕಂಪ್ಯೂಟರ್ ಕೆಲಸದಲ್ಲಿರುವ ಹಳೆ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಅವರು ಕೇಳಿದರೆ “ನಮಗೆ ಇದೆಲ್ಲ ಗೊತ್ತಾಗುವುದಿಲ್ಲ” ಎನ್ನಬೇಡಿ. ಪ್ರೋಗ್ರಾಂ ಬರೆಯುವುದು ಅವರಿಗೆ ಗೊತ್ತು. ಮಕ್ಕಳು ಎಷ್ಟು ಬಗೆ ಎಂಬುದು ನಮಗೆ ಗೊತ್ತು. ತಾಳವಾಡಿಯ ಅಧ್ಯಾಪಕರೇ, ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದ್ದರಿಂದ, ತಮಿಳು ಕಾಗದಕ್ಕೆ ಹೋಗಿ ಬಂದ ‘ಗೀತಾ’ ಏನಾಗಬಹುದೆಂದು ನಿಮಗಿಂತ ಚೆನ್ನಾಗಿ ಬಲ್ಲವರಾರು? ಅಕ್ಕಲಕೋಟೆಯವರೇ, ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಮೂರು ಖಾನೆ ಕೇಳುವಲ್ಲಿ ಎರಡೇ ಹೆಸರಿರುವ ಮಗು ಏನು ಬರೆಯುತ್ತದೆ? ಆದವಾನಿಯವರೇ, ಮನೆತನದ ಹೆಸರು ಮೊದಲೇ ಬರುವ ನಿಮ್ಮ ಕಡೆಯ ಮಕ್ಕಳನ್ನು ಹಾಜರಿಯಲ್ಲಿ ಅಕ್ಷರದ ಕ್ರಮಕ್ಕೆ ಹೇಗೆ ಇಡುತ್ತೀರಿ?

ನಿಜವಾದ ಯಾವ ಮಗುವಿನ ಹೆಸರೂ ಬೇಡ, ವಿವರವೂ ಬೇಡ. ಬಗೆಯನ್ನು ಮಾತ್ರ, ಏಕೆ ಬೇಕೆಂಬ ಒಂದು ಸಾಲಿನ ಜೊತೆ ಬರೆದು ಕಳುಹಿಸಿ. ಜೂನ್ ತಿಂಗಳಿಗೆ ಮೊದಲು ಬಂದರೆ ನಮ್ಮ ದಾಖಲಾತಿ ಪುಸ್ತಕದಲ್ಲಿ ಇನ್ನೂ ಜಾಗವಿದೆ.